ಷಷ್ಠಿ ಕಪ್ಪು ಉಂಡೆಯಾಗದಿರಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕಡೆ ಕಿರುಷಷ್ಠಿ ಉತ್ಸವದ ದಪ್ಪಕ್ಷರದ ಫ್ಲೆಕ್ಸ್‌ಗಳಲ್ಲಿ ‘ಷಷ್ಠಿ’ ಎಂಬ ಪದವನ್ನೊಮ್ಮೆ ದೂರದಿಂದ ಓದಿ ನೋಡಿ. ಹೊಟ್ಟೆ ಸೀಳಿದ ‘ಷ’ದ ಸೀಳು ತುಂಬಿ ‘ಪ’ ಆಗಿರುತ್ತದೆ, ಅಡಿಯ ಠ ಒತ್ತು ಬರೀ ಕಪ್ಪು ಉಂಡೆ. ಮಧೂರಿನ ‘ಧ’ ತನ್ನ ಸಣ್ಣ ಗೀಟು ಕಳೆದುಕೊಂಡು ‘ದ’ ಆಗುತ್ತದೆ. ‘ಎಡನೀರು ಮಠ’ದ ಠಕಾರದ ಚುಕ್ಕೆ ಕಾಣದಿದ್ದರಂತೂ ಮಠವೇ ಮರ!

ತಪ್ಪು ದಪ್ಪಕ್ಷರದ್ದಲ್ಲ. ಕಂಪಾಸಿನಲ್ಲಿ ಎಳೆದಂಥ ಗುಂಡು ಅಕ್ಷರ ಕನ್ನಡಕ್ಕೆ ಒಗ್ಗುವಂಥದ್ದೇ. ರ, ಠ, ಸೊನ್ನೆ ಮೊದಲೇ ದುಂಡಗಿವೆ. ಎರಡು ಪದದ ಅಂಗಡಿ ಹೆಸರಿಗೆ, ಯಕ್ಷಗಾನ ಕರಪತ್ರದ ತಲೆಬರಹಕ್ಕೆ ಅದರಷ್ಟು ಗತ್ತು ಬೇರೆಯದಕ್ಕಿಲ್ಲ. ಆದರೆ ಅದೇ ಅಕ್ಷರದಲ್ಲಿ ಕಾರ್ಯಕ್ರಮದ ವಿವರ, ಫೋನ್ ನಂಬರು, ದಾನಿಗಳ ಪಟ್ಟಿ ಎಲ್ಲ ತುಂಬಿಸಿದರೆ ಓದುವವರಾರು?

ಕೆಡುವುದು ಹೆಚ್ಚಾಗಿ ಡಿಟಿಪಿ (ಕಂಪ್ಯೂಟರ್ ಅಕ್ಷರ ಜೋಡಣೆ) ಮೇಜಿನಲ್ಲಿ. ಸಾಧಾರಣ ಅಕ್ಷರಕ್ಕೆ ಔಟ್‌ಲೈನ್ ಕೊಟ್ಟು ದಪ್ಪ ಮಾಡಿದರೆ ಗೆರೆ ಹೊರಕ್ಕೆ ಮಾತ್ರವಲ್ಲ, ಒಳಕ್ಕೂ ಬೆಳೆಯುತ್ತದೆ. ಮೊದಲು ಮುಚ್ಚುವುದು ಒತ್ತಕ್ಷರದ ಒಳಜಾಗ. ದಪ್ಪಕ್ಕೆಂದೇ ಬರೆದ ಫಾಂಟ್‌ನಲ್ಲಿ ಒತ್ತಿನ ಗೆರೆಯನ್ನು ಮೂಲಾಕ್ಷರಕ್ಕಿಂತ ತೆಳುವಾಗಿಟ್ಟಿರುತ್ತಾರೆ. ಬಲೂ ತಮ್ಮ 2, ಅನೇಕ್ ಕನ್ನಡ ಎಂಬ ಫಾಂಟ್‌ಗಳೆರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಎರಡರಲ್ಲೂ ದಪ್ಪ 800ರ ವರೆಗಿದೆ (ಸಾಧಾರಣ ಅಕ್ಷರದ್ದು 400). ಸಾಲು ಹಿಡಿಸದಿದ್ದಾಗ ಶೇ. 70ಕ್ಕೆ ಹಿಂಡುವ ಅಭ್ಯಾಸವೂ ಬಿಡಬೇಕು: ನಿಂತ ಗೆರೆ ಸಪೂರವಾಗಿ, ಅಡ್ಡಗೆರೆ ದಪ್ಪವಾಗಿಯೇ ಉಳಿದು, ವೃತ್ತ ಮೊಟ್ಟೆಯಾಗುತ್ತದೆ. ಅನೇಕ್‌ನಲ್ಲಿ ಅಗಲವನ್ನೇ ಶೇ. 75ರಿಂದ 125ರ ವರೆಗೆ ಬದಲಿಸಬಹುದು.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. ಮಲಯಾಳದ ಸಾಲಿಗೆ ಹೊಂದಿಸಿದ ಅಂತರವನ್ನೇ ಕನ್ನಡಕ್ಕೂ ಇಡುತ್ತಾರೆ. 1971ರ ಲಿಪಿ ಸುಧಾರಣೆಯಲ್ಲಿ ಮಲಯಾಳದ ಉಕಾರದ ಚಿಹ್ನೆ, ಹಲವು ಕೂಡಕ್ಷರಗಳು ಬಿಡಿಯಾಗಿ ಪಕ್ಕಕ್ಕೆ ಬಂದವು. ಅಡಿಯಲ್ಲಿ ಅಷ್ಟು ಜಾಗ ಬೇಡ. ಕನ್ನಡದ ಒತ್ತು ಕೆಳಗೇ ನೇತಾಡಬೇಕು. ಬದಿಯಡ್ಕದ ‘ಡ್ಕ’, ಮುಳ್ಳೇರಿಯದ ‘ಳ್ಳೇ’, ಮಂಜೇಶ್ವರದ ‘ಶ್ವ’ ಬಾರ್ಡರಿಗೆ ತಾಗಿ ತುಂಡಾಗುವುದು ಇದರಿಂದಲೇ. 100 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 150 ಆದರೂ ಬೇಕು. ಫೋಟೋಶಾಪ್‌ನ ಹಳೆಯ ಆವೃತ್ತಿ ಬಳಸುವವರು ಟೈಪ್ ಪ್ರಿಫರೆನ್ಸಸ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಳ್ಳಲಿ. ಇಲ್ಲದಿದ್ದರೆ ವಿದ್ಯಾನಗರ ‘ವಿದ್‌ಯಾನಗರ’ ಎಂದು ಒಡೆದು ಕೂರುತ್ತದೆ.

ಪ್ರಿಂಟಿಗೆ ಕಳಿಸುವ ಮುಂಚೆ ಹೆಸರನ್ನು 2 ಸೆಂ.ಮೀ. ಎತ್ತರಕ್ಕೆ ಕಾಗದದಲ್ಲಿ ತೆಗೆದು ಗೋಡೆಗೆ ಅಂಟಿಸಿ, 10 ಹೆಜ್ಜೆ ಹಿಂದೆ ನಿಂತು ಓದಿಸಿ. ಓದುವವರು ಆ ಹೆಸರನ್ನು ಮೊದಲೇ ತಿಳಿದವರಾಗಿರಬಾರದು. ಟೈಪ್ ಮಾಡಿದವರ ಕಣ್ಣಿಗೆ ಮರವೂ ಮಠವಾಗಿಯೇ ಕಾಣುತ್ತದೆ.

– ಅಕ್ಷರ ವಿನ್ಯಾಸಕ, ಬದಿಯಡ್ಕ