ಡಬ್ಬಿಯಲ್ಲಿರುವ ಕಲ್ಲು

ಮ್ಯಾಂಚೆಸ್ಟರ್, ಭಾನುವಾರ ರಾತ್ರಿ

ಅಣ್ಣಾ, ನಮಸ್ಕಾರ.

ಫೋನಲ್ಲಿ ಹೇಳೋಣ ಅಂದ್ರೆ ಅವ್ವ ಪಕ್ಕದಲ್ಲೇ ಇರ್ತಾಳೆ, ಸ್ಪೀಕರ್ ಹಾಕು ಅಂತಾಳೆ. ಅದಕ್ಕೇ ಈ ಕಾಗದ.

ಪಿತ್ತಕೋಶದ ಕಲ್ಲು ಕರುಳಲ್ಲಿ ಸಿಕ್ಕಿಕೊಂಡು ಅವ್ವನಿಗೆ ಎರಡನೇ ಸಲ ಆಪರೇಷನ್ ಆಯಿತು. 'ಮೊದಲ ಸಲ ಹೊಟ್ಟೆ ಕೊಯ್ದಾಗಲೇ ಪಿತ್ತಕೋಶ ತೆಗೆದಿದ್ದರೆ ಇನ್ನೊಂದು ಆಪರೇಷನ್ ಬೇಕಿತ್ತಾ?' ಅಂತ ನೀನು ಸಿಟ್ಟಾಗಿದ್ದೀಯ. ನಾನೂ ಅದನ್ನೇ ನಮ್ಮ ವಾರ್ಡಿನ ಸರ್ಜನ್ ಹತ್ತಿರ ಕೇಳಿದೆ.

ಪಿತ್ತಕೋಶದಲ್ಲಿ ವರ್ಷಗಟ್ಟಲೆ ಕೂತ ಕಲ್ಲು ಗೋಡೆ ಸವೆಸಿ, ಅಂಟಿಕೊಂಡ ಕರುಳಿಗೆ ತೂತು ಮಾಡಿ ಅದರೊಳಗೆ ಬಿದ್ದಿದೆ. ಸಣ್ಣದಾದರೆ ಮಲದ ಜೊತೆ ಹೋಗಿಬಿಡುತ್ತದೆ. ಎರಡೂವರೆ ಸೆಂಟಿಮೀಟರ್ ಮೀರಿದ್ದು ಸಣ್ಣ ಕರುಳಿನ ಕೊನೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅವ್ವನಿಗೆ 76 ವರ್ಷ, ಶುಗರ್ ಬೇರೆ, ಮೂರು ದಿನ ವಾಂತಿ ಮಾಡಿ ಸೋತಿದ್ದಳು. ಪಿತ್ತಕೋಶ ಬಿಡಿಸಿ ತೂತು ಹೊಲಿಯುತ್ತಾ ಕೂತರೆ ತಡೆದುಕೊಳ್ಳುತ್ತಿದ್ದಳಾ? ಅಂಥವರಿಗೆ ಕಲ್ಲಷ್ಟೇ ತೆಗೆಯುವುದು ವಾಡಿಕೆ. ನೂರಕ್ಕೆ ಸುಮಾರು 5 ಜನರಿಗೆ ಮತ್ತೆ ಹೀಗಾಗುತ್ತದೆ, ಹೆಚ್ಚಾಗಿ 6 ತಿಂಗಳೊಳಗೆ.

ಆದರೆ ಒಂದು ಮಾತು ನಿನ್ನ ಪರವಾಗಿಯೂ ಇದೆ. ಮೊದಲ ಕಲ್ಲಿನ ಫೋಟೋ ವಾಟ್ಸಾಪಲ್ಲಿ ಕಳಿಸಿದ್ದೆಯಲ್ಲ, ಮೊನ್ನೆ ದೊಡ್ಡದು ಮಾಡಿ ನೋಡಿದೆ. ಒಂದು ಮಗ್ಗುಲು ಚಪ್ಪಟೆ, ಉಜ್ಜಿದ ಹಾಗೆ ನುಣುಪು. ಒಂಟಿ ಕಲ್ಲು ಸಾಮಾನ್ಯವಾಗಿ ಗುಂಡಗಿರುತ್ತದೆ. ಪಕ್ಕದಲ್ಲಿ ಜೊತೆ ಇದ್ದರೆ ಹೀಗೆ ಮೂಲೆ ಬರುತ್ತದೆ. ಆಗ ಕರುಳನ್ನು ಪೂರ್ತಿ ತಡವಿ ನೋಡಬೇಕು. ನೋಡಿಯೂ ಇರಬಹುದು, ಇನ್ನೊಂದು ಪಿತ್ತಕೋಶದಲ್ಲೇ ಅಡಗಿತ್ತೋ ಏನೋ.

ನಾನಾದರೂ ಏನು ಮಾಡಿದೆ? ಆ ಫೋಟೋಗೆ ಕೈಮುಗಿಯುವ ಚಿತ್ರ ಹಾಕಿ ಸುಮ್ನಾದೆ. ಆರು ವಾರದ ಮೇಲೆ ಮತ್ತೆ ಹೊಟ್ಟೆನೋವು ಅಂದಾಗ 'ಮಂಡಕ್ಕಿ ಮಿರ್ಚಿ ಜಾಸ್ತಿ ಆಗಿರಬೇಕು, ಗ್ಯಾಸ್' ಅಂದೆ. ದಾವಣಗೆರೆಯವರಿಗೆ ಮೊದಲ ಅನುಮಾನ ಮಿರ್ಚಿ ಮೇಲೇ ಅಲ್ವಾ! ಹನ್ನೊಂದು ವರ್ಷದಿಂದ ನರ್ಸ್ ನಾನು. ಎರಡು ದಿನ ಸುಮ್ನೆ ಹಾಳಾಯಿತು.

ಪಿತ್ತಕೋಶ ಇನ್ನೂ ಒಳಗಿದೆ. ಹೊಸ ಸ್ಕ್ಯಾನಿನಲ್ಲಿ ಕಲ್ಲು ಉಳಿದಿದೆಯಾ ಅಂತ ಡಾಕ್ಟರನ್ನು ಕೇಳಿ ರಿಪೋರ್ಟ್ ಕಳಿಸು. ಉಳಿದಿಲ್ಲವಾದರೆ ತೂತು ತಾನಾಗಿ ಮುಚ್ಚಿಕೊಳ್ಳುವುದೂ ಉಂಟು. ವಾಂತಿಯಾಗಿ, ಹೊಟ್ಟೆ ಉಬ್ಬಿ, ಗಾಳಿ ಹೋಗದಿದ್ದರೆ ಓಮದ ನೀರು, ಸೋಡಾ ಅಂತ ಕೂರಬೇಡ. ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು. ನಡುವೆ ನೋವು ಬಿಟ್ಟರೂ ನಂಬಬೇಡ. ಕಲ್ಲು ಕದಲಿ ಮುಂದೆ ಹೋಗಿ ಮತ್ತೆ ಸಿಕ್ಕಿಕೊಳ್ಳುತ್ತದೆ.

ಆ ಕಲ್ಲಿಟ್ಟ ಡಬ್ಬಿಯನ್ನ ಅವ್ವ ದುಗ್ಗಮ್ಮನ ಫೋಟೋ ಮುಂದೆ ಇಟ್ಟಿದ್ದಾಳಂತೆ, ಅತ್ತಿಗೆ ಹೇಳಿದರು. ಕುಂಕುಮ ಹಚ್ಚುವ ಮೊದಲು ತೆಗೆದು ಬೀರುವಿನಲ್ಲಿಡು.

ನಿನ್ನ ತಮ್ಮ