ಕ್ಯಾನ್ಸರಿಗೆ ಹಿಗ್ಸ್ ಕಣವಿಲ್ಲ, ಶನಿವಾರವಿದೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. 1964ರಲ್ಲಿ ಕಾಗದದ ಮೇಲಿನ ಲೆಕ್ಕವಷ್ಟೇ ಆಗಿದ್ದ ಹಿಗ್ಸ್ ಎಂಬ ಮೂಲಕಣ 2012ರಲ್ಲಿ ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ಕೈಗೆ ಸಿಕ್ಕಿತು, ಅದೇ ರೀತಿ ಕ್ಯಾನ್ಸರಿಗೂ ಇನ್ನು ಕೆಲವೇ ವರ್ಷಗಳಲ್ಲಿ ಒಂದು ಸಮೀಕರಣ ಸಿಗಲಿದೆ ಎಂದು ಲೇಖಕರು ಭರವಸೆ ಕೊಟ್ಟಿದ್ದಾರೆ. ಭರವಸೆಗೆ ಕಾಸು ಖರ್ಚಾಗುವುದಿಲ್ಲ. ಆದರೆ ಅದನ್ನು ಓದುವವರಲ್ಲಿ ರೋಗಿಗಳ ಮನೆಯವರೂ ಇರುತ್ತಾರೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ಕಣಗಳ ಬೆನ್ನು ಹತ್ತಬೇಕೆಂದಿದ್ದವನು ನಾನು. ಹೊಟ್ಟೆಪಾಡು ವಿಕಿರಣ ಚಿಕಿತ್ಸೆಯ ವಿಭಾಗಕ್ಕೆ ತಂದು ಬಿಟ್ಟಿತು. ಯಾರಿಗೆ ಎಷ್ಟು ಡೋಸು, ಎಷ್ಟು ದಿನ, ಯಾವ ಕೋನದಿಂದ ಎಂದು ಲೆಕ್ಕ ಹಾಕಿಕೊಡುವುದೇ ನೌಕರಿ. ನಮ್ಮ ಕಡೆಯ ರೋಗಿಗಳು ಇದನ್ನು 'ಕರೆಂಟ್ ಕೊಡುವುದು' ಎನ್ನುತ್ತಾರೆ.

ಈ ಲೆಕ್ಕದ ಮೊದಲರ್ಧ ಅಪ್ಪಟ ಕಣ ಭೌತಶಾಸ್ತ್ರ. ಯಂತ್ರದೊಳಗೆ ಎಲೆಕ್ಟ್ರಾನುಗಳು ವೇಗ ಪಡೆದು ಟಂಗ್‌ಸ್ಟನ್ ತುಂಡಿಗೆ ಬಡಿಯುತ್ತವೆ, ಕ್ಷ-ಕಿರಣ ಹೊರಡುತ್ತದೆ, ಮಾಂಸ ಮೂಳೆಗಳನ್ನು ಹಾದು ಹೋಗುತ್ತದೆ. ಸರ್ನ್‌ನವರು ತಮ್ಮ ಕಣ ಪತ್ತೆಹಚ್ಚುವ ಯಂತ್ರಗಳಿಗಾಗಿ ಕಟ್ಟಲಾರಂಭಿಸಿದ, ಕಣಗಳು ವಸ್ತುವನ್ನು ಹಾಯುವ ಬಗೆಯನ್ನು ಲೆಕ್ಕ ಹಾಕುವ ಜೀಯಂಟ್-4 ಎಂಬ ತಂತ್ರಾಂಶವನ್ನು ಇಂದು ವಿಕಿರಣ ಚಿಕಿತ್ಸೆಯ ಸಂಶೋಧನೆಯಲ್ಲೂ ಬಳಸುತ್ತಾರೆ. ಜಿನೀವಾದ ಎಲೆಕ್ಟ್ರಾನಿಗೂ ಹುಬ್ಬಳ್ಳಿಯ ಎಲೆಕ್ಟ್ರಾನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಕಾರಣ ಗಡ್ಡೆಯ ಮೇಲೆ ಎಷ್ಟು ಡೋಸು ಬಿತ್ತೆಂಬುದನ್ನು ಧೈರ್ಯವಾಗಿ ಹೇಳಬಹುದು.

ಬಿದ್ದ ಮೇಲೆ ಏನಾಗುತ್ತದೆ ಎಂಬಲ್ಲಿಗೆ ಆ ಧೈರ್ಯ ಮುಗಿಯುತ್ತದೆ. ಒಂದೇ ಗಡ್ಡೆಯಲ್ಲಿ ಕೆಲವು ಕೋಶಗಳಿಗೆ ರಕ್ತ ಚೆನ್ನಾಗಿ ಸಿಗುತ್ತದೆ, ಕೆಲವಕ್ಕೆ ಆಮ್ಲಜನಕವೇ ಇರುವುದಿಲ್ಲ. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸು ಬೇಕು. ಕೆಲವು ಮಲಗಿರುತ್ತವೆ, ಕೆಲವು ಒಂದು ಎರಡಾಗಿ ಬೆಳೆಯುತ್ತಿರುತ್ತವೆ. ಇವಕ್ಕೆಲ್ಲ ಒಂದೇ ಸಮೀಕರಣ ಎಲ್ಲಿಂದ ತರುವುದು?

ಹಾಗೆಂದು ಕ್ಯಾನ್ಸರಿನ ಗಣಿತದ ಮಾದರಿಗಳು ಕೆಲಸಕ್ಕೆ ಬಾರದವೆಂದು ನಾನು ಹೇಳುತ್ತಿಲ್ಲ. 1971ರಲ್ಲಿ ಅಮೆರಿಕದ ವೈದ್ಯ ಕ್ನಡ್ಸನ್ ಮಕ್ಕಳ ಕಣ್ಣಿನ ಕ್ಯಾನ್ಸರಿನ 48 ಪ್ರಕರಣಗಳನ್ನಷ್ಟೇ ಇಟ್ಟುಕೊಂಡು, ಈ ರೋಗ ಬರಲು ಕೋಶದ ವಂಶವಾಹಿಗೆ ಎರಡು ಪೆಟ್ಟು ಬೀಳಬೇಕು ಎಂದು ಲೆಕ್ಕದಿಂದಲೇ ಊಹಿಸಿದರು. ಆ ವಂಶವಾಹಿ ಕೈಗೆ ಸಿಕ್ಕಿದ್ದು 1986ರಲ್ಲಿ. ಲೇಖಕರು ಹಿಗ್ಸ್ ಬದಲು ಇದನ್ನು ಬರೆದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ.

ನಮ್ಮ ವಿಭಾಗದ ಮಾದರಿ ಇನ್ನೂ ಒರಟು. ಹಾನಿಯ ಒಂದು ಪಾಲು ಡೋಸಿಗೆ, ಇನ್ನೊಂದು ಪಾಲು ಡೋಸಿನ ವರ್ಗಕ್ಕೆ (ಡೋಸನ್ನು ಡೋಸಿನಿಂದಲೇ ಗುಣಿಸಿದ್ದಕ್ಕೆ) ಅನುಗುಣ ಎನ್ನುತ್ತದೆ, ಅಷ್ಟೇ. ಹಾಗಾಗಿ ಒಟ್ಟು ಡೋಸು ಅಷ್ಟೇ ಇದ್ದರೂ ದಿನದ ಡೋಸು ದೊಡ್ಡದಾದಂತೆ ಪೆಟ್ಟು ಏರುತ್ತದೆ. ಸವಣೂರಿನ ಕಡೆಯ ಹೆಣ್ಣುಮಗಳೊಬ್ಬರು, ಬಾಯಿ ಕ್ಯಾನ್ಸರು, ಬಿತ್ತನೆಯ ದಿನಗಳಲ್ಲಿ ಬಂದವರು, 35 ದಿನದ್ದನ್ನು ಕೂಡಿಸಿ ಬೇಗ ಕೊಟ್ಟುಬಿಡಿ ಎಂದು ಕೈಮುಗಿದರು. ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಡೋಸಿನ ಅಳತೆ) 35 ದಿನವೆಂದರೆ ಒಟ್ಟು 70. ಅದನ್ನೇ ದಿನಕ್ಕೆ 5ರಂತೆ 14 ದಿನದಲ್ಲಿ ಮುಗಿಸಿದರೆ ಗಡ್ಡೆಯ ಮೇಲಿನ ಪೆಟ್ಟು ಕಾಲುಭಾಗ ಹೆಚ್ಚುತ್ತದೆ. ಆದರೆ ನಿಧಾನವಾಗಿ ಹಾನಿ ತೋರುವ ಸುತ್ತಲಿನ ಆರೋಗ್ಯವಂತ ಅಂಗಾಂಶದ ಮೇಲಿನ ಪೆಟ್ಟು ಶೇ 60ರಷ್ಟು ಏರುತ್ತದೆ. ಒಂದೆರಡು ವರ್ಷ ಕಳೆದು ದವಡೆಯ ಎಲುಬು ಸಾಯತೊಡಗಿದಾಗ ಯಾರನ್ನು ಕೇಳುವುದು? ಆ ತಾಯಿಗೆ ಇದನ್ನು ಕಾಗದದ ಮೇಲೆ ಎರಡು ಗೀಟು ಎಳೆದು ತೋರಿಸಿದೆ. ಒಪ್ಪಿದರು. ಹಾವೇರಿ ಜಿಲ್ಲೆಯಿಂದ ದಿನಾ ಬಸ್ಸು ಹತ್ತಿದರು. ಶಕ್ತಿ ಯೋಜನೆಯಿಂದ ಅವರಿಗೆ ಟಿಕೆಟ್ ಇಲ್ಲ, ಜೊತೆಗೆ ಬರುವ ಗಂಡನಿಗಿದೆ.

ಅದೇ ಮಾದರಿ ದಿನಗಳನ್ನು ಇಳಿಸಿಯೂ ಇದೆ. ಸ್ತನ ಕ್ಯಾನ್ಸರಿನ ಅಂಕಿಗಳೇ ಬೇರೆ. ಅಲ್ಲಿ ದಿನದ ಡೋಸು ಹೆಚ್ಚಿಸಿ ದಿನ ಕಡಿಮೆ ಮಾಡಬಹುದೆಂದು ಲೆಕ್ಕ ಸೂಚಿಸಿತು. ಸೂಚಿಸಿದ ಮಾತ್ರಕ್ಕೆ ಯಾರೂ ನಂಬಲಿಲ್ಲ. ಬ್ರಿಟನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ, 15 ದಿನದ ಬದಲು 5 ದಿನ ಸಾಕೆಂದು 2020ರಲ್ಲಿ ವರದಿ ಮಾಡಿದರು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ತಪ್ಪಿದ ದಿನಗಳು. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರಕ್ಕೆ ಉಳಿದ ಕೋಶಗಳು ಹುಚ್ಚೆದ್ದು ಬೆಳೆಯುತ್ತವೆ ಎಂದು ವಿಕಿರಣ ಚಿಕಿತ್ಸೆಯ ಸಂಶೋಧಕ ವಿದರ್ಸ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಅಲ್ಲಿಂದಾಚೆ ತಪ್ಪಿದ ಒಂದೊಂದು ದಿನಕ್ಕೂ ಸುಮಾರು 0.6 ಗ್ರೇ ನಷ್ಟ. ದೀಪಾವಳಿ, ಬಸ್ ಮುಷ್ಕರ, ಕೆಟ್ಟ ಯಂತ್ರ, ಕಾರಣ ಯಾವುದೇ ಇರಲಿ, ಗಡ್ಡೆ ರಜೆ ಹಾಕುವುದಿಲ್ಲ. ಆಗ ಕೂತು ಹೊಸದಾಗಿ ಲೆಕ್ಕ ಹಾಕಿ, ಒಂದೇ ದಿನ ಎರಡು ಸಲ ಕೊಡಿಸುತ್ತಿದ್ದೆವು. ನಡುವೆ ಕನಿಷ್ಠ ಆರು ತಾಸು ಅಂತರ ಬೇಕು. ಆ ಆರು ತಾಸು ರೋಗಿಗಳು ವರಾಂಡದಲ್ಲಿ ಟವೆಲ್ ಹಾಸಿಕೊಂಡು ಮಲಗುತ್ತಿದ್ದರು. ಬಾಯಿ ಹುಣ್ಣಾದವರಿಗೆ ಕಟ್ಟಿ ತಂದ ರೊಟ್ಟಿ ಇಳಿಯುತ್ತಿರಲಿಲ್ಲ. ನೀರುಮಜ್ಜಿಗೆಯಲ್ಲೇ ದಿನ ಕಳೆಯುತ್ತಿದ್ದರು.

ಡೆನ್ಮಾರ್ಕಿನವರು ಇದೇ ತರ್ಕ ಹಿಡಿದು, ಡೋಸು ಬದಲಿಸದೆ ವಾರಕ್ಕೆ ಐದರ ಬದಲು ಆರು ಸಲ ಕೊಟ್ಟು ನೋಡಿದರು. ಐದು ವರ್ಷದ ನಂತರ ಗಡ್ಡೆ ಮರಳದೆ ಹತೋಟಿಯಲ್ಲಿ ಉಳಿದವರು ನೂರಕ್ಕೆ 60 ಇದ್ದದ್ದು 70 ಆಯಿತು. ಒಟ್ಟು ಆಯುಷ್ಯದಲ್ಲಿ ಎದ್ದು ಕಾಣುವ ವ್ಯತ್ಯಾಸ ಬರಲಿಲ್ಲ, ಅದನ್ನೂ ಹೇಳಬೇಕು. ಕಿಮೊ ಜೊತೆಗಿದ್ದರೆ ಲೆಕ್ಕ ಬೇರೆ, ಅದನ್ನು ವೈದ್ಯರು ನೋಡುತ್ತಾರೆ. ಆದರೂ ಹೊಸ ಔಷಧವಿಲ್ಲದೆ, ಹೊಸ ಯಂತ್ರವಿಲ್ಲದೆ ಇಷ್ಟು ಸಿಕ್ಕಿತು.

ಅವಳಿ ನಗರದಲ್ಲಿ ವಿಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪೈಕಿ ಶನಿವಾರ ಯಂತ್ರ ನಿಲ್ಲಿಸುವವರಿದ್ದರೆ, ಬಾಯಿ ಮತ್ತು ಗಂಟಲಿನ ರೋಗಿಗಳ ಮಟ್ಟಿಗಾದರೂ ನಡೆಸಲಿ. ಇನ್ನು, ನಾವು ಬಳಸುವ ಅಂಕಿಗಳಲ್ಲಿ ಬಹುಪಾಲು ಹೊರದೇಶದ ರೋಗಿಗಳಿಂದ ಬಂದವು. ಎಲೆಕ್ಟ್ರಾನಿನ ವಿಷಯದಲ್ಲಿ ಅದು ನಡೆದೀತು, ಗುಟ್ಕಾ ಜಗಿಯುವ ಗದಗ-ಹಾವೇರಿಯ ಬಾಯಿಗಳ ವಿಷಯದಲ್ಲಿ ನಡೆಯುತ್ತದೆಯೇ? ಯಾವ ರೋಗಿಗೆ ಎಷ್ಟು ದಿನ ತಪ್ಪಿತು, ಗಡ್ಡೆ ಮರಳಿತೇ ಇಲ್ಲವೇ ಎಂಬ ದಾಖಲೆ ನಮ್ಮ ಆಸ್ಪತ್ರೆಗಳ ಕಪಾಟಿನಲ್ಲಿಯೇ ಇರುತ್ತದೆ. ಹೆಸರು ತೆಗೆದು ಅದನ್ನು ಧಾರವಾಡದ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಕೊಟ್ಟರೆ ಒಬ್ಬಿಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳು ಆ 0.6 ನಮ್ಮಲ್ಲಿ ಎಷ್ಟೆಂದು ಲೆಕ್ಕ ಹಾಕಬಲ್ಲರು. ಅಳತೆ ವಿಧಾನ ಹೇಳಿಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ.

– ನಿವೃತ್ತ ವೈದ್ಯಕೀಯ ಭೌತವಿಜ್ಞಾನಿ, ವಿದ್ಯಾನಗರ, ಹುಬ್ಬಳ್ಳಿ