ಮಗು ಯಾರ ವಶದಲ್ಲಿದೆಯೋ ಅವರ ಮಾತೇ ನಡೆಯಲಿ

ಮಾನ್ಯ ಸಂಪಾದಕರೇ,

ಮಗಳ ಮನೆಗೆ ಹೋದಾಗ ಮಗು ನೋಡಿಕೊಳ್ಳುವ ಹೆಂಗಸು ‘ಊಟದ ಹೊತ್ತಾಯಿತು, ಈಗ ಬಿಸ್ಕತ್ತು ಬೇಡಮ್ಮ’ ಎಂದು ತಡೆದಳೆಂದು ನೊಂದು ಹಿರಿಯರೊಬ್ಬರು ಕಳೆದ ವಾರ ಈ ಅಂಕಣಕ್ಕೆ ಬರೆದಿದ್ದರು. ಸ್ವಂತ ಮೊಮ್ಮಗನಿಗೆ ಬಿಸ್ಕತ್ತು ಕೊಡಲು ಸಂಬಳದವಳ ಅಪ್ಪಣೆ ಬೇಕೇ ಎಂಬುದು ಅವರ ಪ್ರಶ್ನೆ. ನಾನೂ ಅಜ್ಜಿಯೇ, ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬಹುಕಾಲ ದುಡಿದು ನಿವೃತ್ತಳಾದ ಶುಶ್ರೂಷಕಿ. ಆ ಹೊತ್ತಿನಲ್ಲಿ ಅಪ್ಪಣೆ ಬೇಕು ಎಂದೇ ನಾನು ಹೇಳುತ್ತೇನೆ.

ನನ್ನ ಮಗಳಿಗೆ ಕಾನೂನಿನಂತೆ 26 ವಾರಗಳ ಹೆರಿಗೆ ರಜೆ ಸಿಕ್ಕಿತು. ಅದು ಮುಗಿದಾಗ ಮಗುವಿಗೆ ಆರು ತಿಂಗಳು. ಆಗಿನಿಂದ ಬೆಳಿಗ್ಗೆ ಎಂಟೂವರೆಗೆ ಬಂದು ಸಂಜೆಯವರೆಗೆ ಅವನನ್ನು ಸಾಕುತ್ತಿರುವವರು ಮಂಜುಳಾ. ಅವನು ಅಳುವುದು ಹಸಿವಿಗೋ ನಿದ್ದೆಗೋ ಎಂದು ಮೊದಲು ತಿಳಿಯುವುದು ಆಕೆಗೆ. ನಾವು ಎರಡೂ ಕಡೆಯ ಅಜ್ಜಿ ತಾತಂದಿರು ತಿಪಟೂರಿನಿಂದ, ಹಾವೇರಿಯಿಂದ ಹಬ್ಬಕ್ಕೋ ಬೇಸಿಗೆಗೋ ಬರುವ ನೆಂಟರು. ಮಗು ಬಿದ್ದರೆ, ವಾಂತಿ ಮಾಡಿದರೆ, ಊಟ ಬಿಟ್ಟರೆ ಎಲ್ಲರೂ ಪ್ರಶ್ನಿಸುವುದು ಮಂಜುಳಾರನ್ನು. ನಮ್ಮನ್ನು ಯಾರೂ ಕೇಳುವುದಿಲ್ಲ. ಹೊಣೆಯೆಲ್ಲ ಆಕೆಯದು, ಮಾತು ಮಾತ್ರ ನಮ್ಮದು ಎಂದರೆ ಆ ಹೆಣ್ಣುಮಗಳು ಕೆಲಸ ಮಾಡುವುದಾದರೂ ಹೇಗೆ?

ಬಿಸ್ಕತ್ತಿನ ವಿಷಯ ಸಣ್ಣದೆನ್ನಿಸಬಹುದು. ಔಷಧಿಯ ವಿಷಯಕ್ಕೆ ಬನ್ನಿ. ಮಗುವಿಗೆ ಜ್ವರ ಬಂದಾಗ ಹತ್ತು ಗಂಟೆಗೆ ನೋಡಿಕೊಳ್ಳುವವರು ಪ್ಯಾರಸಿಟಮಾಲ್ ಹಾಕಿರುತ್ತಾರೆ. ಹನ್ನೊಂದಕ್ಕೆ ಮೈ ಮುಟ್ಟಿ ನೋಡಿದ ಅಜ್ಜಿ, ‘ಅಯ್ಯೋ, ಸುಡುತ್ತಿದೆ’ ಎಂದು ಮತ್ತೊಮ್ಮೆ ಹಾಕುತ್ತಾರೆ. ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಲೇಬೇಕು. ಇನ್ನೊಂದು ಅಪಾಯವಿದೆ. ಮಕ್ಕಳ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120ರಿಂದ 125, ಕೆಲವದರಲ್ಲಿ 250 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ಸುಮಾರು 150 ಮಿಲಿಗ್ರಾಂ. ಸಿರಪ್ಪೆಂದು ತಿಳಿದು ಒಂದು ಚಮಚ ಡ್ರಾಪ್ಸ್ ಕುಡಿಸಿದರೆ 500 ಮಿಲಿಗ್ರಾಂ ಹೊಟ್ಟೆಗೆ ಹೋದಂತಾಯಿತು. ಹೀಗೆ ಮತ್ತೆ ಮತ್ತೆ ಆದರೆ ಪೆಟ್ಟು ಬೀಳುವುದು ಯಕೃತ್ತಿಗೆ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಯಾವ ಹಾಸಿಗೆಯ ಮಗುವಿಗೆ ಎಷ್ಟು ಗಂಟೆಗೆ ಏನು ಕೊಟ್ಟೆವೆಂದು ಓದಿ ಹೇಳಿದ ಮೇಲೆಯೇ ನಾವು ಮನೆಗೆ ಹೋಗುತ್ತಿದ್ದುದು. ಹಿರಿಯ ಸಿಸ್ಟರ್ ಬಂದರೂ ಪಾಳಿಯಲ್ಲಿರುವವಳನ್ನು ಕೇಳದೆ ಬಾಟಲಿ ಮುಟ್ಟುತ್ತಿರಲಿಲ್ಲ. ಮಗಳ ಮನೆಯಲ್ಲೂ ಈಗ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಹಗಲು ಔಷಧಿ ಕೊಡುವವರು ಮಂಜುಳಾ ಒಬ್ಬರೇ. ಕೊಟ್ಟ ಹೊತ್ತನ್ನು ಅಲ್ಲೇ ಬರೆಯುತ್ತಾರೆ.

ಮೊಬೈಲ್ ಇನ್ನೊಂದು ತಲೆನೋವು. ಎರಡು ವರ್ಷ ತುಂಬುವವರೆಗೆ ಮಕ್ಕಳಿಗೆ ಪರದೆ ತೋರಿಸಲೇಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ತಾತ ಪ್ರೀತಿಯಿಂದ ಹಾಡು ಹಚ್ಚಿ ಉಣ್ಣಿಸಿ ಊರಿಗೆ ಹೋಗುತ್ತಾರೆ. ಆಮೇಲೆ ಮೊಬೈಲಿಲ್ಲದೆ ಬಾಯಿ ತೆರೆಯದ ಮಗುವಿನ ಮುಂದೆ ಅನ್ನದ ಬಟ್ಟಲು ಹಿಡಿದು ಕೂರುವವರು ಯಾರು?

ಹಾಗೆಂದು ಹಿರಿಯರು ಮೂಲೆಯಲ್ಲಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವುದು ನನ್ನ ಪಾಲಿನ ಕೆಲಸ. ಸಂಜೆ ಐದರ ನಂತರ ಪಾರ್ಕು, ಹಸು, ನಾಯಿ, ಕಥೆ ಎಲ್ಲ ತಾತಂದಿರದು. ಅಲ್ಲಿ ಮಂಜುಳಾ ಬಾಯಿ ಹಾಕುವುದಿಲ್ಲ. ಬಜೆ ತೇಯ್ದು ನೆಕ್ಕಿಸಬೇಕೆನಿಸಿದರೆ ಮಗುವಿನ ತಾಯಿ ತಂದೆಯನ್ನು ಕೇಳಿ, ಅವರು ವೈದ್ಯರನ್ನು ಕೇಳಲಿ. ‘ಮಗುವಿನ ತಾಯಿಗೆ ಹೇಳಬೇಡ’ ಎಂದು ನೋಡಿಕೊಳ್ಳುವವರ ಕೈಯಿಂದಲೇ ಕದ್ದು ಕೊಡಿಸುವುದು ಬಹಳ ಕೆಟ್ಟದ್ದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವುದಂತೂ ಕೂಡದು. ನಮ್ಮಲ್ಲಿ ಹುಟ್ಟಿದ ಕೂಡಲೇ ನೆಕ್ಕಿಸುವ ರೂಢಿಯಿತ್ತು, ನಿಜ. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು.

ಈ ಗೊಂದಲ ತೀರಬೇಕಾದರೆ ಮಗ, ಸೊಸೆ, ಮಗಳು, ಅಳಿಯ ಬಾಯಿ ಬಿಡಬೇಕು. ಬಹಳಷ್ಟು ಮನೆಗಳಲ್ಲಿ ಅವರು ಅಮ್ಮನಿಗೆ ಒಂದು ಹೇಳಿ, ಕೆಲಸದವರಿಗೆ ಇನ್ನೊಂದು ಹೇಳಿ ಕಚೇರಿಗೆ ಓಡುತ್ತಾರೆ. ಅಜ್ಜಿ ಬಂದಿಳಿದ ದಿನವೇ ಇಬ್ಬರನ್ನೂ ಕೂರಿಸಿ, ಯಾವ ಹೊತ್ತು ಯಾರದೆಂದು ಇಬ್ಬರ ಎದುರೇ ಹೇಳಲಿ. ನನ್ನ ಮಗಳು ಹೇಳಿದಳು. ನನಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ.

ಇನ್ನೆರಡು ಮಾತು ಹೇಳದೆ ಈ ಪತ್ರ ಮುಗಿಸಲಾರೆ. ಮಗುವಿಗೆ ತುತ್ತು ಕೊಡುವ ಕೈಗೆ ಬೇರೆ ಲೋಟ, ಬೇರೆ ತಟ್ಟೆ ಇಡುವ ಹಿರಿಯರು ಇಂದಿಗೂ ಇದ್ದಾರೆ. ಅಂಥ ಮನೆಯಲ್ಲಿ ಆಕೆಯ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಆ ಲೋಟವನ್ನು ಇಂದೇ ತೆಗೆಯಿರಿ. ಇನ್ನೊಂದು ಸಂಬಳದ ವಿಷಯ. ‘ಅಮ್ಮ ಬಂದಿದ್ದಾರೆ, ಈ ತಿಂಗಳು ನೀನು ಬರಬೇಡ’ ಎಂದು ಕಳುಹಿಸಿ ಹಣ ಹಿಡಿಯುವುದು ಬೆಂಗಳೂರಿನಲ್ಲಿ ಮಾಮೂಲಾಗಿದೆ. ಮನೆಗೆಲಸವನ್ನು ನಮ್ಮ ರಾಜ್ಯ 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿದೆ. ಬಹಳ ಮಂದಿಗೆ ಅದು ಗೊತ್ತೇ ಇಲ್ಲ. ಅಜ್ಜಿ ಬಂದ ಮಾತ್ರಕ್ಕೆ ಆಕೆಯ ಮನೆ ಬಾಡಿಗೆ ನಿಲ್ಲುತ್ತದೆಯೇ? ಕಳೆದ ಸಲ ನಾನಿದ್ದಾಗ ಮಂಜುಳಾ ಊರ ಜಾತ್ರೆಗೆ ಹೋಗಿ ಬಂದರು. ಆಕೆ ಬರೆದಿಟ್ಟು ಹೋಗಿದ್ದ ದಿನಚರಿಯಂತೆಯೇ ನಾನು ಮಗುವನ್ನು ನೋಡಿಕೊಂಡೆ. ತಿಂಗಳ ಸಂಬಳ ಪೂರ್ತಿಯಾಗಿ ಆಕೆಯ ಖಾತೆಗೆ ಹೋಯಿತು.

– ಸರೋಜಮ್ಮ, ನಿವೃತ್ತ ಶುಶ್ರೂಷಕಿ, ತಿಪಟೂರು